ಇರಲಿ ಬಿಡು

ರೂವಿಯ ಬಸ್ ನಿಲ್ದಾಣದ ಹಿಂದೆ
ಕನ್ನಡಕದಂಗಡಿಗೂ ಮನಿ ಎಕ್ಸ್‌ಚೇಂಜಿಗೂ ನಡುವೆ
ಸಿಕ್ಕಿಕೊಂಡಿದೆ ನಮ್ಮ ಟೈಪಿಂಗ್ ಸೆಂಟರು.
ಅರಬ್ಬಿ ಬಲದಿಂದ ಬರುತ್ತದೆ, ಇಂಗ್ಲಿಷು ಎಡದಿಂದ,
ಹುಮನಾಬಾದಿನ ನಾನು ನಡುವೆ
ಹದಿಮೂರು ವರ್ಷದಿಂದ ಒಂದೇ ತಿರುಗು ಕುರ್ಚಿಯಲ್ಲಿ.

ಮಧ್ಯಾಹ್ನ ಶಟರು ಅರ್ಧ ಇಳಿಸಿದ ಮೇಲೆ
ಬಗ್ಗಿ ಒಳಬಂದಳು ವಾರ್ಸಿನಿ,
ಇಂದ್ರಮಾಯು ಕಡೆಯವಳು, ಅಲ್ ಖುವೈರಿನಲ್ಲಿ ಮನೆಗೆಲಸ.
ಬೆವರಿಗೆ ಮೆತ್ತಗಾದ ಫಾರಂ ಕೈಯಲ್ಲಿ.
ಮೇಲೆ ದಪ್ಪಕ್ಷರದ ಒಂದು ಪದ: ಲೀವ್.
"ಇದು ಯಾವ ಲೀವ್, ಭಾಯ್?"

ನಿನಗೆ ಎಷ್ಟು ಗೊತ್ತು ಎಂದು ನಕ್ಕೆ.
ತೆಗೆದಳು ಚೀಲದಿಂದ ಶಾಲೆಯ ನೋಟ್‌ಬುಕ್ಕು.
ಮೂರು ಪುಟ, ಅದೊಂದೇ ಪದಕ್ಕೆ.

ಏಜೆಂಟು ಕಲಿಸಿ ಕಳಿಸಿದ್ದು ಪೆರ್ಗಿ. ಹೋಗು.
ಅದನ್ನು ನಂಬಿ ವಿಮಾನ ಹತ್ತಿದ್ದಳು.
ಮೊದಲ ವಾರ ಒಲೆಯಿಂದ ಪಾತ್ರೆ ಎತ್ತಿದಾಗ
ಮೇಡಂ ಅಂದರಂತೆ, ಲೀವ್ ಇಟ್.
ಪಾತ್ರೆ ಹಿಡಿದುಕೊಂಡೇ ಹೋದಳು ಇವಳು
ಅಡುಗೆಮನೆ ದಾಟಿ, ಅಂಗಳ ದಾಟಿ, ಗೇಟಿನಾಚೆ
ಜುಲೈ ಬಿಸಿಲಲ್ಲಿ ನಿಂತಳು, ಮುಂದೆ ಎಲ್ಲಿಗೆಂದು ತಿಳಿಯದೆ,
ಪಕ್ಕದ ಮನೆಯ ಡ್ರೈವರು ನಕ್ಕು ನಕ್ಕು ಹಿಂದೆ ಕಳಿಸುವ ತನಕ.
ಅವತ್ತು ರಾತ್ರಿ ಬರೆದುಕೊಂಡಳು: ತಾರುಹ್. ಕೆಳಗಿಡು.

ಊಟದ ಹೊತ್ತಿಗೆ ಅದೇ ಪದ ಸಿಸಾಕನ್,
ಯಜಮಾನರಿಗೆ ಎರಡು ತುಂಡು ಮೀನು ಉಳಿಸು.
ಅವಳ ತಟ್ಟೆಗೆ ಏನುಳಿಯುತ್ತಿತ್ತೋ, ನಾನು ಕೇಳಲಿಲ್ಲ.
ಚಹಾ ಡಬ್ಬಿಯ ಮೇಲೆ ಬಾಲ ಅಂಟಿಸಿಕೊಂಡು ಲೀವ್ಸ್,
ದಾವುನ್, ಎಲೆ.
ಪಕ್ಕದಲ್ಲೇ ಬಿಡಿಸಿದ್ದಳು ಒಂದು ಎಲೆ
ನರಗಳ ಸಮೇತ, ತೊಟ್ಟಿನ ಸಮೇತ.

ಕೊನೆಯ ಪುಟ ಪೆನ್ನಿನ ಒತ್ತಿಗೆ ಹರಿದಿತ್ತು.
ತಿಂಗಲ್, ಎಂದಳು.
ನನ್ನ ಕಿವಿಗೆ ತಿಂಗಳು. ಎಷ್ಟು ತಿಂಗಳು, ಎಂದೆ.
ತಲೆಯಾಡಿಸಿ ನೆಲ ತೋರಿಸಿದಳು: ತಿಂಗಲ್ ಅಂದರೆ ಇರು,
ವಾಸಮಾಡು, ಇಲ್ಲೇ ಉಳಿ.
ಅದಕ್ಕೇ ಹಿಂದೊಂದು ಮುಂದೊಂದು ಕೊಂಡಿ ಹಾಕಿದರೆ
ಮೆನಿಂಗಲ್ಕನ್, ಬಿಟ್ಟು ಹೋಗು.
ಒಂದು ಕೊಂಡಿ ಕಳಚಿದರೆ
(ಬೆರಳಿಟ್ಟಳು, ಓದಲಿಲ್ಲ)
ಮೆನಿಂಗಲ್.
ಇಬು, ಎಂದಳು. ತಾಯಿ. ಸೋಮವಾರ.

ನನಗೆ ಸಮಾಧಾನ ಹೇಳಲು ಬಾರದು, ಫಾರಂ ತುಂಬಲು ಬರುತ್ತದೆ.
ನಮ್ಮಲ್ಲೂ ಹೀಗೇ ಕಣಮ್ಮ, ಅನ್ನಬೇಕೆನಿಸಿತು,
ಊರು ಬಿಟ್ಟವರೇ ಬಿಡಾರ ಹೂಡುವುದು,
ಬಿಡು ಅನ್ನುವುದನ್ನು ಕೊಂಚ ಎಳೆದರೆ ಬೀಡು.
ನಮ್ಮ ಓಣಿಯಲ್ಲಿ ಬೆಳಗಿನ ಬಸ್ಸು ಬಿಡುತ್ತಿತ್ತು,
ನುಗ್ಗೆ ಹೂ ಬಿಡುತ್ತಿತ್ತು,
ಕೂಸು ಕಣ್ಣು ಬಿಡುತ್ತಿತ್ತು, ಅದರಜ್ಜ ಪ್ರಾಣ ಬಿಡುತ್ತಿದ್ದ,
ಒಂದೇ ಕ್ರಿಯಾಪದಕ್ಕೆ ಅಷ್ಟು ಕೆಲಸ,
ರಜೆ ಮಾತ್ರ ಇಲ್ಲ.
ಇದನ್ನೆಲ್ಲ ಯಾವ ಅರಬ್ಬಿಯಲ್ಲಿ ಹೇಳಲಿ?

ಫಾರಮಿನ ಲೀವ್ ವಿವರಿಸಿದೆ ಕೈಸನ್ನೆಯಲ್ಲಿ:
ಪೊರಕೆ ಇಲ್ಲ, ಇಸ್ತ್ರಿ ಇಲ್ಲ, ವಿಮಾನ, ಮನೆ, ಮತ್ತೆ ವಿಮಾನ.
"ಓ, ಚುತಿ!" ಹಣೆ ಬಡಿದುಕೊಂಡು ನಕ್ಕಳು.
ಮೂರು ಪುಟದಲ್ಲಿ ಆ ಪದ ಎಲ್ಲೂ ಇರಲಿಲ್ಲ.
ಆರು ವರ್ಷ ಬೇಕಾಗಿರಲಿಲ್ಲ.

ಎಂದಿನಿಂದ ಎಂದಿನವರೆಗೆ, ಕೇಳುತ್ತದೆ ಫಾರಂ.
ಬೆರಳು ಮಡಿಸಿದಳು. ಮೂರನೆಯ ದಿನದ ಪ್ರಾರ್ಥನೆ ಮುಗಿಯಿತು,
ಏಳು ಕೈಗೆ ಸಿಗುವುದಿಲ್ಲ,
ನಲವತ್ತಕ್ಕಾದರೂ.
ತುರ್ತು, ಎಂದು ಟೈಪಿಸಿದೆ.
ಕಫೀಲನ ಸಹಿಗೆ ಜಾಗ ಬಿಟ್ಟೆ.

ಒಂದು ರಿಯಾಲ್ ಚಾಚಿದಳು.
"ಇರಲಿ ಬಿಡು," ಬಾಯಿಗೆ ಬಂದದ್ದು ಕನ್ನಡ.
ಏನದು, ಎಂದಳು ಪೆನ್ನು ತೆಗೆದು.
ಇರಲಿ ಅಂದರೆ ತಿಂಗಲ್, ಎಂದೆ.
"ಬಿಡು?"
ಪ್ರಿಂಟರು ಕಾಗದ ಎಳೆಯುತ್ತ ಗುರುಗುಟ್ಟಿತು.

ಎಡಗಡೆ ಎರಡೂ ಪದ ತನ್ನ ಲಿಪಿಯಲ್ಲಿ ಬರೆದುಕೊಂಡು
ಬಲಗಡೆ ಖಾಲಿ ಇಟ್ಟು
ಶಟರಿನಡಿ ಬಗ್ಗಿ ಬಿಸಿಲಿಗೆ ಹೋದಳು.
ಕುರ್ಚಿ ತಿರುಗಿಸಿ ನೋಡಿದರೆ ಕೀಬೋರ್ಡಿನ ಮೇಲಿದೆ
ಆ ಒಂದು ರಿಯಾಲ್,
ನಾಲ್ಕು ಮಡಿಕೆಯದು, ಇನ್ನೂ ಒದ್ದೆ.