ಇಪ್ಪತ್ತು ನಿಮಿಷ

ತೋಬಾ ಸರೋವರದ ಈ ಬಡಗಣ ದಂಡೆಯಲ್ಲಿ
ಜಲಪಾತಕ್ಕೆ ದಾರಿ ತೋರುವ ಹಲಗೆ ಎಲ್ಲಿ ಕಂಡರೂ
ಅಕ್ಷರ ನನ್ನದು.
ಮೇಲೊಂದು ಬಾಣ, ನಡುವೆ ನೀರಿನ ಹೆಸರು,
ಕೆಳಗೆ: ಇಪ್ಪತ್ತು ನಿಮಿಷ.

ಯಾರ ಇಪ್ಪತ್ತು ಅಂತ ಆಗ ಯಾರೂ ಕೇಳಲಿಲ್ಲ.
ಹೆಗಲಿಗೆ ಹಲಗೆ, ಜೇಬಲ್ಲಿ ಮೊಳೆ,
ಕೈಗಡಿಯಾರಕ್ಕೆ ದುಡ್ಡಿರಲಿಲ್ಲ;
ಲವಂಗದ ಸಿಗರೇಟು ಹಚ್ಚಿಕೊಂಡು ಹತ್ತುತ್ತಿದ್ದೆ.
ಒಂದು ಸಿಗರೇಟಿಗೆ ಹತ್ತು ನಿಮಿಷ,
ಎರಡನೆಯದರ ತುದಿ ತುಟಿ ಸುಡುವಾಗ
ಮುಖಕ್ಕೆ ಹನಿ.
ಹೀಗಂತ ಕಚೇರಿಯಲ್ಲಿ ಹೇಳಿಕೊಂಡು ಬಂದಿದ್ದೇನೆ,
ನಲವತ್ತೊಂದು ವರ್ಷ.

ಹೋದ ತಿಂಗಳು ಮೇದಾನ್ ಕಡೆಯ ಒಂದು ಸಂಸಾರ
ಒಂದೂವರೆ ತಾಸು ಏದುಸಿರು ಬಿಟ್ಟು, ಇಳಿದು ಬಂದು
ಜೋಳ ಸುಡುವ ತಿಯೊಂಗ್ಗುರಳ ಮೇಲೆ ರೇಗಿತಂತೆ.
ಅವಳು ಕೆಂಡ ಊದುತ್ತ,
‘ಬರೆದವನ ಮೊಣಕಾಲನ್ನ ಕೇಳಿ’ ಅಂದಳಂತೆ.
ಕಚೇರಿಯಿಂದ ಎರಡು ಡಬ್ಬಿ ಬಿಳಿ ಬಣ್ಣ ಬಂತು, ಒಂದು ಕಪ್ಪು.
‘ಮರೋಲೋಪ್ ಮಾವ, ಸರಿಯಾದ ಹೊತ್ತು ಬರೆದುಬಿಡಿ.’

ಮೊಮ್ಮಗಳು ರೋಸ್ಪಿತಾ
ಫೋನಿನಲ್ಲಿ ಗಡಿಯಾರ ಓಡಿಸುತ್ತ ಜೊತೆಗೆ ಬಂದಳು.

ಚೂರಿಯ ಹೆಸರಿನ ದೊಡ್ಡ ಜಲಪಾತಕ್ಕೆ
ಮೆಟ್ಟಿಲು ಇಳಿಯಬೇಕು.
ಇಳಿಯುವಾಗ ಎಲ್ಲರೂ ಹುಡುಗರೇ;
ಹತ್ತುವುದಕ್ಕೆ ಬೇರೆಯದೇ ಹಲಗೆ ಬೇಕು.
ಮುನ್ನೂರರ ಹತ್ತಿರ ಲೆಕ್ಕ ತಪ್ಪಿ
ಕಲ್ಲಿನ ಮೇಲೆ ಕೂತೆ. ಕೆಳಗೆ ಈರುಳ್ಳಿ ಹೊಲ,
ಅದರಾಚೆ ಸರೋವರ, ಇಸ್ತ್ರಿ ಮಾಡಿಟ್ಟ ಹಾಗೆ.

ಕಾಫಿ ತೋಟದ ಹಿಂದಿನದು ಈ ಬೇಸಗೆಯಲ್ಲಿ
ಉಲೋಸ್ ಶಾಲಿನ ಅಂಚಿಗೆ ಜೋತ ನೂಲಿನಷ್ಟೇ.
ಮೂರನೆಯದರ ದಾರಿಯನ್ನು ಗುಡ್ಡ ಕುಸಿದು ನುಂಗಿತ್ತು.
ನನ್ನ ಹಲಗೆ ಮಾತ್ರ ಓರೆಯಾಗಿ ನಿಂತು
ಬಾಣವನ್ನು ಆಕಾಶಕ್ಕೆ ಹಿಡಿದಿತ್ತು, ಇಪ್ಪತ್ತು ನಿಮಿಷ.
‘ವಿಮಾನಕ್ಕೋ ಓಂಪುಂಗ್, ಸ್ವರ್ಗಕ್ಕೋ?’
ಕಿತ್ತು ಹೆಗಲಿಗೇರಿಸಿದೆ.
ಮಳೆ ಕುಡಿದು ಕುಡಿದು
ಈ ಹಲಗೆಗಳೂ ತೂಕ ಹಾಕಿವೆ.

ನಾಲ್ಕನೆಯದನ್ನು ನೋಡಿ ಇಳಿದು
ಹಳ್ಳದ ಬಳಿಯ ಹಲಗೆ ಕೆರೆಯುತ್ತಿದ್ದೆ.
ಬಿಳಿ, ಅದರಡಿ ನೀಲಿ, ಅದರಡಿ ಮರ;
ಮರದಡಿಯಿಂದೆಂಬಂತೆ ಮಾತು ಬಂತು.
ಸಿಗರೇಟಿನ ಲೆಕ್ಕ ಸುಳ್ಳು, ಮಗು.
ಮದುವೆಯಾದ ವರ್ಷ ನಿನ್ನಜ್ಜಿ ಸೊಂದಾಂಗ್
ಬಣ್ಣದ ಡಬ್ಬಿ ಹಿಡಿದು ಹಿಂದೆ ಬರುತ್ತಿದ್ದಳು.
‘ಇನ್ನೆಷ್ಟು ದೂರ?’
ಇಪ್ಪತ್ತು ನಿಮಿಷ, ಅಂದೆ.
ಆಂಡಲಿಮಾನ್ ಮುಳ್ಳು ದಾಟಿ, ‘ಇನ್ನೆಷ್ಟು?’
ಇಪ್ಪತ್ತು ನಿಮಿಷ.
ಜಿಗಣೆ ಕಿತ್ತೆಸೆದು, ‘ಇನ್ನೂ?’
ಮೇಲೆ ಮುಟ್ಟಿದ ಮೇಲೆ ಕೇಳಲಿಲ್ಲ,
ಸುಮ್ಮನೆ ಮುಖ ತೊಳೆದಳು, ಬಹಳ ಹೊತ್ತು.
ಕೆಳಗಿಳಿದು ನಾನು ಬರೆಯುವುದನ್ನು ನೋಡಿ
ಕುಂಚ ಕಸಿದು ನನ್ನ ಮೂಗಿಗೆ ಬಳಿದಳು.
ಆಮೇಲೆ ಎಲ್ಲ ಹಲಗೆಗೂ ಅದೇ.

ರೋಸ್ಪಿತಾ ಫೋನು ನೋಡಿದಳು:
ಒಂದು ಗಂಟೆ ಹನ್ನೆರಡು ನಿಮಿಷ.
ಕೂತದ್ದು ಸೇರಿಸಿಯೋ, ಬಿಟ್ಟೋ?
ಕೂಗಳತೆ ಅಂತ ಬರೆಯೋಣವೆಂದರೆ
ಈ ನೀರು ರಾತ್ರಿಯೂ ಕೂಗುತ್ತದೆ,
ಅಳತೆಗೆ ಸಿಕ್ಕೀತೆ.

(ಐದನೆಯದಕ್ಕೆ ಹಲಗೆಯೇ ಇಲ್ಲ.
ಬಂಡೆಯಿಂದ ನೇರ ಸರೋವರಕ್ಕೆ ಬೀಳುತ್ತದೆ,
ದೋಣಿಯಲ್ಲೇ ಹೋಗಬೇಕು.
ನೀರಿಗೆ ಮೊಳೆ ಎಲ್ಲಿ ಹೊಡೆಯಲಿ.)

ಬಾಣ ಬರೆದೆ. ಹೆಸರು ಬರೆದೆ.
ಕುಂಚದ ತುದಿಯಲ್ಲಿ ಕಪ್ಪು ತುಂಬಿ ನಿಂತಿತ್ತು.
ರಸ್ತೆಯಿಂದ ಇಲ್ಲಿಗೆ ಬರುವಷ್ಟರಲ್ಲೇ ಕೆಂಪೇರಿದ
ಗಂಡಸೊಬ್ಬ ಕೋಲೂರಿ ನಿಂತ, ಹಿಂದೆ ಅವನ ಹೆಂಡತಿ,
ಚಪ್ಪಲಿ ಕೈಯಲ್ಲಿ.
ಕೇಳಿದ್ದು ಅವಳು:
‘ಇನ್ನೆಷ್ಟು ದೂರ?’

ನಾನು ಬಾಯಿ ತೆರೆಯುವ ಮೊದಲೇ
ರೋಸ್ಪಿತಾ, ಫೋನು ಜೇಬಿಗಿಳಿಸಿ,
‘ಇಪ್ಪತ್ತು ನಿಮಿಷ.’

ಸೀಮೆಎಣ್ಣೆಯ ಬಾಟಲಿ ಹುಡುಕಿದೆ,
ಕುಂಚ ತೊಳೆಯಲು.