ಒಂದು ಮಾರು

ಗುತ್ತಲು ರಸ್ತೆಯ ಬೆಲ್ಲದ ಮಂಡಿಯ ಮೇಲೆ
ನನ್ನ ರೆಕಾರ್ಡಿಂಗ್ ಕೋಣೆ. ಗೋಡೆಗೆ ಗೋಣಿತಾಟು,
ಕಿಟಕಿಗೆ ಹಳೇ ಕಂಬಳಿ,
ಮೈಸೂರಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು,
ಅದರ ಫ್ಯಾನಿಗೆ ಗೂರಲು.

ಮಂಟೇಲಿಂಗಣ್ಣ ಹೆಡ್‌ಫೋನ್ ಕಿವಿಗಿಟ್ಟು
ತಮಟೆಗೆ ಒಂದೇ ಒಂದು ಏಟು ಹಾಕಿ
ನಿಂತುಬಿಟ್ಟ.
'ಇದ್ಯಾಕವ್ವ, ನಾ ಬಡುದ್ಮೇಲೆ
ಇನ್ಯಾರೋ ಬಡೀತಾವ್ರೆ?'

ಯಾರೂ ಇಲ್ಲ. ನಿನ್ನದೇ ಏಟು ಅಣ್ಣ,
ಒಳಗೆ ಹೋಗಿ, ಸಾಲಿನಲ್ಲಿ ನಿಂತು
ಹೊರಗೆ ಬರುವಷ್ಟರಲ್ಲಿ ತಡ.
ಅದರ ಮುಂದೆ ನಿಂತವರಾದರೂ ಎಂಥವರು:
ಅಪ್‌ಡೇಟ್ ಹುಡುಕುವವನು, ಗಡಿಯಾರ ತಿದ್ದುವವನು,
ಇಲ್ಲದ ಪ್ರಿಂಟರನ್ನು ಗಳಿಗೆಗೊಮ್ಮೆ ಕೂಗುವವನು.
ನಡುನಡುವೆ ಚಟ್ ಚಟ್ ಎಂದು
ಸದ್ದೇ ಹರಿದುಹೋಗುತ್ತದೆ,
ಒಲೆಯಲ್ಲಿ ಹಸಿ ಕಬ್ಬಿನ ಗಣ್ಣು ಸಿಡಿದ ಹಾಗೆ.

ಅಪ್ಪ ನೀರಗಂಟಿ. ವಿ.ಸಿ. ನಾಲೆಯ ಏಳನೇ ತೂಬು.
ಯಾರ ಗದ್ದೆಗೆ ಯಾವ ಜಾವ, ಎಷ್ಟು ಹೊತ್ತು
ಎಲ್ಲ ಅವನ ನಾಲಿಗೆಯ ತುದಿಯಲ್ಲಿ.
'ಕಬ್ಬು ನಾಳೆಗಂಟ ಕಾಯ್ತದೆ, ಒಟ್ಲು ಪಾತಿ ಕಾಯಕಿಲ್ಲ'
ಎನ್ನುತ್ತಿದ್ದ. ದೊಡ್ಡವರು ಬೈದರೂ
ಹೆಗಲಿಂದ ಸಲಿಕೆ ಇಳಿಸುತ್ತಿರಲಿಲ್ಲ.
ಈ ಯಂತ್ರದೊಳಗೂ ಒಬ್ಬ ನೀರಗಂಟಿ ಇದ್ದಾನೆ;
ಅವನಿಗೆ ಮಾತು ಕೇಳಿಸುವುದಿಲ್ಲ, ಬರೆದುಕೊಡಬೇಕು.

ಬರೆದೆ. ಎಲ್ಲೋ ಆಳದ ಒಂದು ಕಡತದಲ್ಲಿ
ಎರಡೇ ಸಾಲು:
ಆಡಿಯೋ ಗುಂಪಿನವರಿಗೆ ಆದ್ಯತೆ, ತೊಂಬತ್ತೊಂಬತ್ತು.
ನೆನಪಿಗೆ ಬೀಗ, ಮಿತಿಯಿಲ್ಲ.
(ಬೀಗ ಹಾಕಿಡದಿದ್ದರೆ ನೆನಪನ್ನು
ಯಂತ್ರ ಒಯ್ದು ಡಿಸ್ಕಿನ ಅಟ್ಟಕ್ಕೆ ಎಸೆಯುತ್ತದೆ,
ಇಳಿಸಿ ತರುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತದೆ.)
ಉಳಿಸಿದೆ. ಬಡಿದ. ಅದೇ ತಡ.

ಎರಡು ದಿನ ಹಣೆ ಚಚ್ಚಿಕೊಂಡ ಮೇಲೆ ತಿಳಿಯಿತು:
ಒಳಗಿದ್ದವರಿಗೆ ಹೊಸ ಅಪ್ಪಣೆ ತಾಗುವುದಿಲ್ಲ.
ಲಾಗೌಟ್ ಆಗಿ ಹೊರಗೆ ಹೋಗಬೇಕು,
ಹೆಸರು ಹೇಳಿ ಮತ್ತೆ ಬಾಗಿಲು ತಟ್ಟಬೇಕು.
ಹೋದೆ, ಬಂದೆ. ಬಡಿದ.
ಪರದೆ ಕಲ್ಲಾಯಿತು, ಮೌಸಿನ ಬಾಣವೂ ಮಿಸುಕಲಿಲ್ಲ.
ಎಲ್ಲವನ್ನೂ ಒಬ್ಬನಿಗೇ ಕೊಟ್ಟಿದ್ದೆ ನೋಡಿ;
ತೂಬು ಪೂರ್ತಿ ಎತ್ತಿದರೆ
ಮೊದಲು ಕೊಚ್ಚಿಹೋಗುವುದು ಬದುವೇ.
ಅಳಿಸಿ ತೊಂಬತ್ತೈದು ಮಾಡಿದೆ.
ಆ ನಾಲ್ಕು, ಯಂತ್ರದ ಉಸಿರಿಗೆ.

ಇನ್ನು ಅಣ್ಣನ ಹೆಸರು. ನಾನಿಲ್ಲದಾಗಲೂ ಬಂದು
ಬಾರಿಸಿಕೊಳ್ಳಲೆಂದು ಅವನಿಗೇ ಒಂದು ಖಾತೆ ತೆರೆದೆ.
'ನಿನ್ನನ್ನ ಗುಂಪಿಗೆ ಸೇರಿಸಬೇಕಣ್ಣ' ಎಂದೆ.
ನಕ್ಕ. ತಮಟೆಯ ಅಂಚನ್ನು ಹೆಬ್ಬೆರಳಲ್ಲಿ ಸವರಿದ.
'ಯಾವೋರು ಅಂತ ಕೇಳ್ತದಾ ಅದು?'
ಇಲ್ಲ.
'ಬೀದಿ?'
ಅದೂ ಇಲ್ಲ.
'ನಲವತ್ತು ವರ್ಸ ಬಾರ್ಸಿವ್ನಿ ಕನವ್ವ,
ಗುಡಿ ಮುಂದೆ, ಛತ್ರದ ಮುಂದೆ. ಮುಂದೇನೆ. ಒಳ್ಗಲ್ಲ.'
ಅವನ ಹೆಸರನ್ನು ಟೈಪು ಮಾಡಿದೆ,
ಒಂದಕ್ಷರ ತಪ್ಪಿತು, ತಿದ್ದಿದೆ,
ಎಂಟರ್ ಒತ್ತಿದೆ. ಯಂತ್ರ ಏನೂ ಹೇಳಲಿಲ್ಲ.
ಒಪ್ಪಿಗೆಯಾದಾಗ ಅದು ಮಾತಾಡುವುದಿಲ್ಲ.

ಸಂಜೆಯ ಥಂಡಿಗೆ ತಮಟೆಯ ಚರ್ಮ ಸಡಿಲವಾಗಿತ್ತು.
ಕಾಯಿಸಲು ಕಾಗದ ಕೇಳಿದ.
ಓದಿ, ಗೀಚಿ, ಕಾಫಿ ಚೆಲ್ಲಿ ಕೊಳೆಯಾದ
ಹದಿನಾಲ್ಕು ಹಾಳೆ ಸೂಚನೆಗಳನ್ನು ಕೊಟ್ಟೆ.
ತಾರಸಿಯ ಮೇಲೆ 'ಆದ್ಯತೆ' ಧಗ್ಗೆಂದು ಹತ್ತಿತು,
'ಮಿತಿಯಿಲ್ಲ' ಕಪ್ಪಾಗಿ ಮುದುಡಿತು,
ಚರ್ಮ ಟಣ್ಣೆಂದಿತು.

ಒಳಗೆ ಬಂದು ಬಾರಿಸಿದ.
'ಇನ್ನೂವೆ ಅವ್ನೆ' ಎಂದ, ಕಣ್ಣು ಮುಚ್ಚಿಕೊಂಡೇ.
'ಆಗ ನಾಲೆ ಆಚೆ ದಡದಾಗಿದ್ದ.
ಈಗ ಇಲ್ಲೇ, ಒಂದು ಮಾರು ದೂರ.'
ಅಂಕಿ ಇನ್ನಷ್ಟು ಇಳಿಸಲು ಕೈ ಹಾಕಿದೆ.
'ಬುಡವ್ವ, ಇರ್ಲಿ. ನಮ್ಮ ಕಾಳ
ಅಷ್ಟು ದೂರದಲ್ಲೇ ನಿಂತ್ಕತಿದ್ದ.'

ಕೆಳಗೆ ಬೆಲ್ಲದ ಲಾರಿ ಹಾರನ್ ಹೊಡೆಯಿತು.
ಅದೂ ರೆಕಾರ್ಡಾಗಿದೆ,
ಸರಿಯಾದ ಹೊತ್ತಿಗೆ.