ಎಂಟನೆಯ ದಿನದ ಹುಲ್ಲು

ಕರಾವಳಿಯಲ್ಲಿ ಗೋಧಿ ಬೆಳೆಯುವುದಿಲ್ಲ.
ಇಲ್ಲಿನ ಮಣ್ಣಿಗೆ ಗೊತ್ತಿರುವುದು ಭತ್ತ, ಉದ್ದು, ಕೆಸುವು.
ಗೋಧಿ ಏನಿದ್ದರೂ ಲಾರಿಯಲ್ಲಿ ಘಾಟಿ ಇಳಿದು
ಬಂದರಿನ ಮೊಯ್ದಿನಬ್ಬರ ಗಿರಣಿಯಲ್ಲಿ
ಹಿಟ್ಟಾಗಿ ಹೊರಬರುವ ಜಾತಿ.
‘ಬೀಸುವುದು ಬೇಡ, ಹಾಗೇ ಕೊಡಿ,
ನನಗೆ ಬೇಕಾದದ್ದು ಹುಲ್ಲು’ ಎಂದಾಗ
ಸೆರಾಫಿನ್ ಬಾಯಿಯನ್ನು ಅವರು
ಕನ್ನಡಕ ತೆಗೆದು ನೋಡಿದರಂತೆ.

ಜೆಪ್ಪುವಿನ ಹಂಚಿನ ಮನೆ, ಹಿಂದಿನ ಜಗಲಿ.
ಬೇಕರಿಯವರು ಎಸೆದ ಏಳು ತಗಡಿನ ಟ್ರೇ,
ವಾರಕ್ಕೊಂದರಂತೆ.
ರಾತ್ರಿ ನೆನೆಸು, ಬಟ್ಟೆ ಕಟ್ಟು,
ಬಿಳಿ ಮೂಗು ಹೊರಗೆ ಹಾಕಿದ ಮೇಲೆ
ಒಂದಂಗುಲ ಮಣ್ಣಿಗೆ ಹರಡು,
ಬೆರಳಲ್ಲಿ ನೀರು ಚಿಮುಕಿಸು.
ಮಳೆಗಾಲದ ಬೂಷ್ಟು ಬೈದರೆ ಹೋಗುವುದಿಲ್ಲ,
ಟೇಬಲ್ ಫ್ಯಾನು ಬೇಕು.
ಎಂಟನೆಯ ದಿನಕ್ಕೆ ಗೇಣುದ್ದ.
ಕತ್ತರಿ.

ಇಷ್ಟೆಲ್ಲ ನನಗೆ ಗೊತ್ತಾದದ್ದು
ತಿಂಗಳಿಗೊಮ್ಮೆ ಅವರ ತಂಗಿ ಹಿಲ್ದಾ ಬಾಯಿಯ
ತೋಳಿಗೆ ರಬ್ಬರು ಬಿಗಿದು ನರ ಹುಡುಕುವಾಗ.
ಕಂಕನಾಡಿಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ
ನಾನು ಊರವರ ನೆತ್ತರು ತೆಗೆಯುವವಳು.
ತಂಗಿಯದು ಎಂಟು ಪಾಯಿಂಟ್ ಎರಡು.
ಅಕ್ಕನ ಮಾತಿಗೆ ಮಾತ್ರ ಯಾವ ಕೊರತೆಯೂ ಇಲ್ಲ:
‘ಇದು ಹಸಿರು ನೆತ್ತರು, ಗೊತ್ತುಂಟಾ ಪ್ರಭಾ?
ಕೆಂಪಾಗುವುದಕ್ಕೆ ಒಳಗೆ ಹೋಗಬೇಕು, ಅಷ್ಟೇ.’
ನಾನು ಹತ್ತಿ ಒತ್ತುತ್ತೇನೆ, ಹೂಂ ಅನ್ನುತ್ತೇನೆ.
ನನ್ನದು ಅಂಕೆಯ ಕೆಲಸ.
ಅರ್ಥ ಡಾಕ್ಟರರದು; ಅವರು ಬರೆದದ್ದು
ಕಬ್ಬಿಣದ ಗುಳಿಗೆ, ಊಟವಾದ ಮೇಲೆ.

ಅಕ್ಟೋಬರಿನಲ್ಲಿ, ಅಕ್ಕ ಬಿಲ್ಲಿನ ಸಾಲಲ್ಲಿ ನಿಂತಿದ್ದಾಗ,
ಹಿಲ್ದಾ ಬಾಯಿ ಸೂಜಿಯನ್ನೇ ನೋಡುತ್ತ ಹೇಳಿದರು:
‘ನಾನು ಅದನ್ನು ಕುಡಿಯುವುದಿಲ್ಲ ಮಾರಾಯ್ತಿ.
ಮಳೆ ಬಿದ್ದ ಮೈದಾನದ ರುಚಿ.
ಕಿಟಕಿಯ ಆಂಥೂರಿಯಮ್ಮಿಗೆ ಹೊಯ್ಯುತ್ತೇನೆ.
ಅವಳಿಗೆ ಹೇಳಬೇಡ.
ಮಿಕ್ಸಿಯಲ್ಲಿ ಸತ್ವ ಸಾಯುತ್ತದಂತೆ,
ಐದಕ್ಕೆ ಎದ್ದು ಕಡೆಯುವ ಕಲ್ಲಿನ ಮುಂದೆ ಕೂರುತ್ತಾಳೆ.
ನಾನು ಕಣ್ಣು ಮುಚ್ಚಿ ಮಲಗಿ
ಆ ಕಲ್ಲಿನ ಸದ್ದು ಕೇಳುತ್ತಿರುತ್ತೇನೆ.’

ಆ ತಿಂಗಳು ಹತ್ತು ಪಾಯಿಂಟ್ ಒಂದು.
ಸೆರಾಫಿನ್ ಬಾಯಿ ಶಿಲುಬೆಯ ಗುರುತು ಹಾಕಿಕೊಂಡು
ಲ್ಯಾಬಿನವರಿಗೆಲ್ಲ ಒಂದೊಂದು ಪೊಟ್ಟಣ ಗೋಧಿ ಹಂಚಿದರು.
ಹಿಲ್ದಾ ಬಾಯಿ ನನ್ನನ್ನು ನೋಡಿದರು.
ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.
ಆಂಥೂರಿಯಮ್ಮಿನಲ್ಲಿ ಹನ್ನೊಂದು ಹೂವಂತೆ,
ಪರೀಕ್ಷೆಯೇ ಬೇಡದಷ್ಟು ಕೆಂಪು.

ನನ್ನ ಪಾಲಿನದನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಬಿತ್ತಿದೆ.
ಎಂಟನೆಯ ದಿನ ಕತ್ತರಿ ಹಿಡಿದರೆ
ದಿನಾ ಸೂಜಿ ಚುಚ್ಚುವ ಕೈಗೆ ಧೈರ್ಯ ಬರಲಿಲ್ಲ.
ಇರಲಿ, ತೆನೆ ಬರುತ್ತದಾ ನೋಡುವ ಎಂದೆ.
ಹದಿನಾರಕ್ಕೆ ತುದಿ ಹಳದಿ, ಇಪ್ಪತ್ತಕ್ಕೆ ಮಕಾಡೆ.
‘ತೆನೆ ಬೇರೆ ಊರಿನ ಮಾತು’ ಎಂದು ನಕ್ಕರು ಅವರು.
‘ಇಲ್ಲಿ ಇದು ಹುಲ್ಲಾಗಿಯೇ ಮುಗಿಯಬೇಕು.
ಬಿಸಾಡಬೇಡ, ಯಾರದಾದರೂ ಆಡಿಗೆ ಹಾಕು.’

ಡಿಸೆಂಬರ್ ಇಪ್ಪತ್ತನಾಲ್ಕು. ಕುಸ್ವಾರಿಗೆ ಕರೆದಿದ್ದರು.
ಮೂಲೆಯಲ್ಲಿ ಗೋದಲಿ: ಸಿಮೆಂಟ್ ಚೀಲದ ಕಾಗದದ ಬೆಟ್ಟ,
ಬುಡದಲ್ಲಿ ಏಳೂ ಟ್ರೇ, ಒಂದನ್ನೂ ಕೊಯ್ದಿಲ್ಲ,
ಮೆಟ್ಟಿಲು ಮೆಟ್ಟಿಲಾಗಿ ಏಳು ಎತ್ತರದ ಹಸಿರು
ಸೀರಿಯಲ್ ಬಲ್ಬಿನ ಕಡೆಗೆ ವಾಲಿಕೊಂಡು.
ಕಿವಿ ಮುರಿದ ಮಣ್ಣಿನ ಹಸು
ಕೊರಳವರೆಗೆ ಹುಲ್ಲಿನಲ್ಲಿ ಮುಳುಗಿ
ಒಂದೆಸಳನ್ನೂ ಮುಟ್ಟದೆ ನಿಂತಿದೆ.
ತೊಟ್ಟಿಲು ಖಾಲಿ; ಮಗು ಹನ್ನೆರಡಕ್ಕೆ.

ತಟ್ಟೆ ಮುಂದಿಡುತ್ತ ಸೆರಾಫಿನ್ ಬಾಯಿ ಹೇಳಿದರು:
‘ಈ ವಾರ ರಸ ಇಲ್ಲ ಪ್ರಭಾ.
ಕಲ್ಲಿಗೆ ರಜೆ. ಇವಳಿಗೂ ರಜೆ.
ಆ ಹೂವಿನ ಗಿಡಕ್ಕೂ.’

ಹಿಲ್ದಾ ಬಾಯಿಯ ಕೈಯ ನೆವ್ರಿ
ಬಾಯಿಯ ಹತ್ತಿರ ಬಂದು ನಿಂತಿತು.
ಟೇಬಲ್ ಫ್ಯಾನು ತಿರುಗುತ್ತಿತ್ತು,
ಹುಲ್ಲು ಒಮ್ಮೆ ಅಕ್ಕನ ಕಡೆ,
ಒಮ್ಮೆ ತಂಗಿಯ ಕಡೆ.